ಸಾಕೆಂದ ಜಾಗಟೆ

“ಬುದ್ಧಿ, ಅಷ್ಟು ಹಳೆಯ ಕೇಡನ್ನು ಮೈ ಇನ್ನೂ ಯಾಕೆ ಇಟ್ಟುಕೊಂಡಿದೆ?”

ಮರುಳಯ್ಯ ಈ ಪ್ರಶ್ನೆಯನ್ನು ಆಸ್ಪತ್ರೆಯಿಂದ ಮಠದವರೆಗೂ ಹೊತ್ತು ತಂದಿದ್ದ. ಅವನ ಅಕ್ಕ ದೇವೀರಮ್ಮನಿಗೆ ಎದೆಯ ಕ್ಯಾನ್ಸರ್. “ನಾನು ಯಾವ ಪಾಪ ಮಾಡಿದ್ದೆ, ಗುರುಗಳನ್ನ ಕೇಳ್ಕೊಂಡು ಬಾ. ಅಲ್ಲೀವರೆಗೂ ಔಷಧಿ ಮುಟ್ಟಲ್ಲ” ಎಂದು ಆಕೆ ಹಟ ಹಿಡಿದಿದ್ದಳು. ಡಾಕ್ಟರು ಹೇಳಿದ್ದೇ ಬೇರೆ. ಈ ರೋಗಕ್ಕೆ ದಾರಿ ಮಾಡುವ ಎಷ್ಟೋ ವಂಶವಾಹಿಗಳು ಮನುಷ್ಯನಿಗಿಂತ ಹಳೆಯವಂತೆ. ಜೀವವೆಂಬುದು ಒಂಟಿ ಕಣವಾಗಿ ನೀರಿನಲ್ಲಿ ತೇಲುತ್ತಿದ್ದ ಕಾಲದಿಂದ ಕಣಕ್ಕೆ ‘ಒಡೆದು ಎರಡಾಗು’ ಎಂದು ಹೇಳುತ್ತ ಬಂದವಂತೆ. ಎಲ್ಲದರ ಬುಡ ಕೆದಕುವುದು ಮರುಳಯ್ಯನ ಹುಟ್ಟುಗುಣ. ಅಷ್ಟು ದುಃಖದಲ್ಲೂ ಅವನಿಗೆ ಕುತೂಹಲ ತಡೆಯಲಾಗಲಿಲ್ಲ.

ಗುರುಗಳು ನೆನೆದ ಅವರೆಕಾಳು ಹಿದುಕುತ್ತ ಕೂತಿದ್ದರು. “ನೀನೂ ಕೈ ಹಾಕು. ಕೈ ಸುಮ್ಮನಿದ್ದರೆ ಮನಸ್ಸು ಊರೆಲ್ಲ ಸುತ್ತುತ್ತೆ” ಎಂದು ಪಾತ್ರೆಯನ್ನು ಅವನತ್ತ ತಳ್ಳಿ, ಕತೆ ತೆಗೆದರು.

ಕಾಡಿನಲ್ಲಿ ಒಬ್ಬ ರೈತನಿದ್ದ. ಅವನಿಗೆ ನೆರೆಯೂ ಇಲ್ಲ, ಹೊರೆಯೂ ಇಲ್ಲ. ಮಕ್ಕಳಿಗೆ ಅವನು ಕಲಿಸಿದ್ದು ಒಂದೇ ಮಾತು: “ಉಳು, ಬಿತ್ತು, ಮುಂದಕ್ಕೆ ಹೋಗು.” ನಿಂತವನು ಹಸಿದು ಸಾಯುತ್ತಿದ್ದ ಕಾಲ ಅದು. ಆ ಮಾತಿನಿಂದಲೇ ವಂಶ ಉಳಿಯಿತು.

ಎಷ್ಟೋ ತಲೆಮಾರು ಕಳೆದ ಮೇಲೆ ಅವನ ಸಂತತಿಯವರು ಒಟ್ಟಾಗಿ ಒಂದು ಕೆರೆ ಕಟ್ಟಿದರು. ಕೆರೆಯ ಕೆಳಗೆ ಊರಾಯಿತು. ಎಲ್ಲರೂ ಮುಂದಕ್ಕೇ ಹೋಗುತ್ತಿದ್ದರೆ ಊರು ಉಳಿಯುವುದೆಲ್ಲಿ? ಅದಕ್ಕೆ ಹೊಸ ಕಟ್ಟಳೆಯೊಂದನ್ನು ತಂದರು. ಬಿತ್ತನೆಗೆ ಸಾಲುವಷ್ಟು ಉತ್ತಾದ ಮೇಲೆ ಊರ ಹಿರಿಯ ಜಾಗಟೆ ಬಾರಿಸುತ್ತಿದ್ದ. ಕೇಳಿದವರು ಸಾಲಿನ ನಡುವೆ ಇದ್ದರೂ ನೇಗಿಲು ಬಿಚ್ಚಬೇಕು. ಎಲ್ಲರೂ ಬಿಚ್ಚಿದರು, ಊರು ಬಾಳಿತು.

ಒಂದು ವರ್ಷ ಕೆರೆಯ ಏರಿ ಜಿನುಗತೊಡಗಿತು. ಬುಡದ ಮಣ್ಣನ್ನು ಯಾರೋ ಕಿತ್ತಿದ್ದರು. ಆಚೆ ಊರಿನವರದೇ ಕಿತಾಪತಿ ಎಂದು ಜನ ದೊಣ್ಣೆ ಹಿಡಿದು, ಗಡಿಯಲ್ಲಿ ಹೊರಗೆ ಮುಖ ಮಾಡಿ ಕಾವಲು ಕೂತರು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು. ನೀರು ಕುಡಿಯಲು ಎದ್ದ ಕಾವಲುಗಾರನೊಬ್ಬ ತಿರುಗಿ ನೋಡಿದ. ಏರಿಯ ಪಕ್ಕದ ಹೊಲದವನು ಏರಿಯನ್ನೇ ಉಳುತ್ತಿದ್ದ.

ಅವನು ಊರಿಗೇ ದುಡಿಮೆಗಾರನೆಂದು ಹೆಸರಾದವನು. ಹಿಡಿದು ನಿಲ್ಲಿಸಿದರು.

“ನಾನೇನು ಕದ್ದೆನಾ? ನಮ್ಮ ತಾತ ಹೇಳಿಕೊಟ್ಟಿದ್ದನ್ನೇ ಮಾಡ್ತಿದೀನಿ” ಎಂದ ಅವನು.

“ಜಾಗಟೆ ಕೇಳಲಿಲ್ವೇನೋ?” ಎಂದು ಅವನ ಕಿವಿಯ ಹತ್ತಿರ ಕೂಗಿದರು.

“ಯಾವ ಜಾಗಟೆ?” ಎಂದ. ಅವನ ಕಿವಿ ಹೋಗಿ ತಿಂಗಳಾಗಿತ್ತು.

ಹಾಗಾದರೆ ತಾತನ ಮಾತೇ ಕೇಡು ಎಂದು ಜನ ರೇಗಿದರು. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವವರಂತೆ ಊರಿನ ನೇಗಿಲನ್ನೆಲ್ಲ ಸುಡಲು ರಾಶಿ ಹಾಕಿದರು. ಮುದುಕಿಯೊಬ್ಬಳು ಬರಿಯ ಮೊರ ಹಿಡಿದು ಬಂದು ನಿಂತಳು.

“ಸುಡ್ರಪ್ಪಾ, ಸುಡಿ. ನಾಳೆಯಿಂದ ಒಲೆ ಮೇಲೆ ಏನಿಡ್ಲಿ, ಆ ಜಾಗಟೇನಾ?”

ಜನ ತಲೆ ತಗ್ಗಿಸಿ ತಂತಮ್ಮ ನೇಗಿಲು ಎತ್ತಿಕೊಂಡರು. ಕಿವಿ ಹೋದವನ ನೇಗಿಲನ್ನು ಮಾತ್ರ ಕಸಿದುಕೊಂಡರು. ಏರಿ ಜಿನುಗುತ್ತಿದ್ದಾಗಲೇ, ಪಾಪ ಯಾರದೆಂದು ಪಂಚಾಯಿತಿ ಕೂರದೆ, ಬುಟ್ಟಿ ಬುಟ್ಟಿ ಮಣ್ಣು ತುಂಬಿದರು. ಆ ವರ್ಷದ ಮಳೆಗೆ ಕೆರೆ ನಿಂತಿತು.

ಗುರುಗಳು ಕತೆ ಮುಗಿಸಿ ಮತ್ತೆ ಕಾಳಿಗೆ ಕೈ ಹಾಕಿದರು. ಮರುಳಯ್ಯ ಒಂದು ಹಿಡಿಯಷ್ಟು ಕಾಳಿನ ಸಿಪ್ಪೆ ತೆಗೆದ. ಅಕ್ಕನ ಮೊಂಡು ಮುಖ ನೆನಪಾಯಿತು.

“ಆದರೂ ಬುದ್ಧಿ, ಆ ಹಳೆಯ ಮಾತು ಅಕ್ಕನ ಮೈಯಲ್ಲಿ ಇಲ್ಲದೇ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು!”

“ಇಲ್ಲದೇ ಇದ್ದಿದ್ದರೆ ನಿನ್ನಕ್ಕ ತಾಯ ಹೊಟ್ಟೆಯಲ್ಲಿ ಒಂದೇ ಕಣವಾಗಿ ಉಳಿದುಬಿಡುತ್ತಿದ್ದಳಲ್ಲೋ, ಮರುಳಯ್ಯ.”

ಮರುಳಯ್ಯ ಎದ್ದು, ಕೈ ತೊಳೆದು, ಪಾಪದ ಪಂಚಾಯಿತಿ ಬಿಟ್ಟು ಮೊದಲು ಔಷಧಿ ತಗೋ ಎಂದು ಅಕ್ಕನಿಗೆ ಹೇಳಲು ಆಸ್ಪತ್ರೆಯ ದಾರಿ ಹಿಡಿದ.