ಜಾಲಿಯ ಕೆಳಗೆ ವೈದ್ಯಶಾಲೆ

ನೂರು ಬಿಳಲಿನ ಆಲವಿಲ್ಲದ ಕಡೆ ವೈದ್ಯ ಕಲಿಸುವ, ಗಾಯ ವಾಸಿ ಮಾಡುವ ವೈದ್ಯಶಾಲೆ ತೆರೆಯಕೂಡದೆಂದು ಆನೆಗಳು ಹಿಂದೆಯೇ ನಿಯಮ ಮಾಡಿದ್ದವು. ಕುರುಚಲು ಬಯಲಿನಲ್ಲಿ ಇದ್ದದ್ದು ಜಾಲಿ ಮರ ಮಾತ್ರ. ಅಲ್ಲಿನ ತಾಯಿಮೊಲವೊಂದು, ಹದ್ದಿನ ಉಗುರಿಗೆ ಸಿಕ್ಕಿ ಗಾಯಗೊಂಡ ಮರಿಯನ್ನು ದೂರದ ಆಲದ ಕಾಡಿಗೆ ಹೊತ್ತು ಹೊರಟು, ಅರ್ಧ ದಾರಿಯಲ್ಲೇ ಕಳೆದುಕೊಂಡಿತು. ಉಳಿದ ಒಂದೇ ಮರಿಯೊಂದಿಗೆ ಅದು ಹಿರಿಯಾನೆಯ ಮುಂದೆ ಹೋಗಿ ನಿಂತಿತು.

"ದೊಡ್ಡವರೇ, ನಮ್ಮ ಜಾಲಿಯ ಕೆಳಗೆ ವೈದ್ಯಶಾಲೆಗೆ ಅಪ್ಪಣೆ ಕೊಡಿ. ಗಾಯ ಹೊಲಿಯುವುದನ್ನು ಕಲಿಸಲು ಗೂಡು ನೇಯುವ ಗೀಜಗ ಒಪ್ಪಿದೆ."

ಆನೆ ನಕ್ಕಿತು. "ಆ ನೆರಳಿನಲ್ಲಿ ನನ್ನ ಸೊಂಡಿಲೂ ಹಿಡಿಸದಲ್ಲಮ್ಮ!"

"ನಿಮ್ಮ ಮೈ ಅಳೆದು ನಿಯಮ ಮಾಡಿದ್ದೀರಿ. ನಮ್ಮಲ್ಲಿ ಗಾಯಗೊಳ್ಳುವವರು ಮೊಲ, ಓತಿ, ಕವುಜುಗ ಹಕ್ಕಿ. ನಮಗೆ ಅಷ್ಟು ನೆರಳು ಸಾಕು."

ಆನೆಯ ನಗು ನಿಂತಿತು. "ನೆರಳಿನ ನಿಯಮ ಸಡಿಲಿಸಿದ್ದೇನೆ. ಆದರೆ ಕಲಿತವರು ಪರೀಕ್ಷೆ ಗೆಲ್ಲಬೇಕೆಂಬ ನಿಯಮ ಸಡಿಲಿಸುವುದಿಲ್ಲ. ಪರೀಕ್ಷೆಗೆ ನಾನೇ ಬರುತ್ತೇನೆ."

"ಬನ್ನಿ. ಅದನ್ನು ಸಡಿಲಿಸಿ ಎಂದು ನಾವು ಕೇಳಲೂ ಇಲ್ಲ," ಎಂದಿತು ಮೊಲ.

ಪರೀಕ್ಷೆಯ ದಿನ ಆನೆಯನ್ನು ಯಾರೂ ಎದುರುಗೊಳ್ಳಲಿಲ್ಲ. ಹದ್ದು ಪರಚಿದ ಕವುಜುಗದ ಮರಿಯನ್ನು ಆಗಷ್ಟೇ ತಂದಿದ್ದರು. ತಾಯಿಮೊಲದ ಉಳಿದ ಮರಿಯೇ ಜಾಲಿಮುಳ್ಳಿಗೆ ನಾರು ಪೋಣಿಸಿ ಗಾಯ ಹೊಲಿಯುತ್ತಿತ್ತು. ಗೀಜಗ ಪಕ್ಕದಲ್ಲಿ ಕೂತು ನೋಡುತ್ತಿತ್ತೇ ಹೊರತು ಕೊಕ್ಕು ಹಾಕಲಿಲ್ಲ. ಆನೆ ಬಿಸಿಲಿನಲ್ಲೇ ಕಾಯಿತು. ಸಂಜೆಗೆ ಕವುಜುಗದ ಮರಿ ಕಣ್ಣು ಬಿಟ್ಟು ನೀರು ಕೇಳಿತು.

"ಇನ್ನು ಪರೀಕ್ಷೆ ಬೇಡ," ಎಂದಿತು ಆನೆ.

ತಾಯಿಮೊಲ ಕಿವಿ ನೆಟ್ಟಗೆ ಮಾಡಿಕೊಂಡು ಹೇಳಿತು: "ಹಾಗನ್ನಬೇಡಿ ದೊಡ್ಡವರೇ. ಬಯಲಿನ ಬೇರೆ ಮಕ್ಕಳೂ ಕಲಿತುಕೊಂಡು ಕೂತಿದ್ದಾರೆ. ಒಬ್ಬೊಬ್ಬರನ್ನೂ ಪರೀಕ್ಷೆ ಮಾಡಿಯೇ ಹೋಗಿ."