ನೆಟ್ಟಗಾದ ಗೋಡೆ

"ಮೇಷ್ಟ್ರೇ, ಬಳಸುವವರ ಕೈಗೆ ನಾವು ಮಾಡಿದ ಟೂಲ್ ಎಷ್ಟು ಸಹಾಯ ಮಾಡಬೇಕು?" ಎಂದು ಶಶಿರೇಖಾ ಕೇಳಿದಳು.

ತಿಳಿದುಕೊಳ್ಳುವ ಆಸೆಯಿಂದಲೇ ಕೇಳಿದ್ದಳು. ಆದರೂ ಉತ್ತರ ತನಗೆ ಗೊತ್ತಿದೆ ಎಂಬ ಸಂಭ್ರಮ ಮುಖದಲ್ಲಿತ್ತು. ಸೀತಾಪತಿ ಮೇಷ್ಟ್ರು ಚಿತ್ರ ತಿದ್ದುವ ಒಂದು ಮುಕ್ತ ತಂತ್ರಾಂಶವನ್ನು ನೋಡಿಕೊಳ್ಳುತ್ತಿದ್ದರು. ಅದನ್ನು ಯಾರು ಬೇಕಾದರೂ ಬಳಸಬಹುದು, ಯಾರು ಬೇಕಾದರೂ ಒಳಗೆ ಇಣುಕಿ ರಿಪೇರಿ ಮಾಡಬಹುದು. ಆದರೆ ಹೊಸದೇನಾದರೂ ಸೇರಬೇಕಾದರೆ ಮೇಷ್ಟ್ರು ಹೂಂ ಅನ್ನಬೇಕು. ಶಶಿರೇಖಾ ಅವರ ಹತ್ತಿರ ಕೆಲಸ ಕಲಿಯುತ್ತಿದ್ದಳು. ಓರೆಯಾದ ಫೋಟೊವನ್ನು ಮೌಸಿನಿಂದ ಹಿಡಿದು ತಿರುಗಿಸುವ ಟೂಲ್ ಒಂದನ್ನು ಬಹಳ ಪ್ರೀತಿಯಿಂದ ಮಾಡಿ ತಂದಿದ್ದಳು. ತಿರುಗಿಸುವ ಕೈ ಸ್ವಲ್ಪ ಹತ್ತಿರ ಬಂದರೆ ಸಾಕು, ಫೋಟೊದಲ್ಲಿರುವುದು ಕಂಬವಾಗಲಿ, ಬಾಗಿಲಾಗಲಿ, ಗೋಡೆಯಾಗಲಿ, ಟಕ್ಕನೆ ತಾನೇ ನೆಟ್ಟಗೆ ನಿಂತುಬಿಡುತ್ತಿತ್ತು. ನಿಂತದ್ದನ್ನು ಆಚೀಚೆ ಅಲುಗಿಸಲು ದಾರಿ ಇಟ್ಟಿರಲಿಲ್ಲ. ನೆಟ್ಟಗಾದ ಮೇಲೆ ಯಾರಾದರೂ ಯಾಕೆ ಅಲುಗಿಸುತ್ತಾರೆ ಎಂಬುದು ಅವಳ ಎಣಿಕೆ.

ಮೇಷ್ಟ್ರು ಟೂಲನ್ನು ಹಿಂದೆ ಮುಂದೆ ಆಡಿಸಿ ನೋಡಿದರು. ಚೆನ್ನಾಗಿದೆ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಶಶಿರೇಖಾಳಿಗೆ ಕುತೂಹಲ ತಡೆಯಲಾಗಲಿಲ್ಲ.

"ಸೇರಿಸೋಣವೇ ಮೇಷ್ಟ್ರೇ?"

"ಏನಮ್ಮ ಅಷ್ಟು ಅವಸರ? ಮೊದಲು ಒಂದು ಕತೆ ಕೇಳು" ಎಂದು ಮೇಷ್ಟ್ರು ಮೌಸನ್ನು ಪಕ್ಕಕ್ಕೆ ಸರಿಸಿ ಶುರುಮಾಡಿದರು.

ಒಂದೂರಿನಲ್ಲಿ ಒಬ್ಬ ಪ್ರೋಗ್ರಾಮರ್ ಇದ್ದ. ಒಳ್ಳೆಯವನು, ಕೆಲಸದಲ್ಲಿ ಗಟ್ಟಿಗ. ಅವನೂ ನಿನ್ನ ಹಾಗೆ ಫೋಟೊ ತಿರುಗಿಸುವ ಟೂಲ್ ಮಾಡಿದ. ಜನ ಒಂದು ಫೋಟೊ ನೆಟ್ಟಗೆ ಮಾಡಲು ಕೂದಲೆಳೆಯಷ್ಟು ಈ ಕಡೆ, ಕೂದಲೆಳೆಯಷ್ಟು ಆ ಕಡೆ ಎಂದು ಒದ್ದಾಡುವುದನ್ನು ಕಂಡು ಅವನಿಗೆ ಅಯ್ಯೋ ಅನ್ನಿಸಿತ್ತು. ಅದಕ್ಕೇ ಟೂಲಿಗೆ ಒಂದು ಬುದ್ಧಿ ಕಲಿಸಿದ. ಫೋಟೊದಲ್ಲಿ ಮೇಲಿನಿಂದ ಕೆಳಕ್ಕೆ ಇಳಿದ ಗೆರೆಗಳಲ್ಲಿ ಎಲ್ಲಕ್ಕಿಂತ ಉದ್ದದ್ದು ಯಾವುದೋ ಅದನ್ನು ಹುಡುಕಬೇಕು. ಅದು ನೆಟ್ಟಗಾಗುವ ಹತ್ತಿರ ಬಂದ ಕೂಡಲೇ ಎಳೆದು ನಿಲ್ಲಿಸಬೇಕು. ಟೂಲ್ ಹೇಳಿದ ಮಾತು ಕೇಳಿತು. ಎಲ್ಲೆಲ್ಲಿಂದಲೋ ಜನ ಭೇಷ್ ಭೇಷ್ ಎಂದು ಬರೆದರು. ಅವನೂ ತನ್ನ ಬೆನ್ನು ತಾನೇ ತಟ್ಟಿಕೊಂಡ. ತಪ್ಪೇನಿಲ್ಲ ಬಿಡು, ಪುಕ್ಕಟೆ ದುಡಿಯುವವರಿಗೆ ಅಷ್ಟಾದರೂ ಬೇಡವೇ?

ಇನ್ನೊಂದೂರಿನಲ್ಲಿ ಒಬ್ಬರು ಅಂಗನವಾಡಿ ಟೀಚರ್ ಇದ್ದರು. ಅಂಗನವಾಡಿಯ ಅಂಗಳಕ್ಕೆ ಒಂದು ಕಡೆ ಎತ್ತರದ ಹಳೆಯ ಗೋಡೆ. ಅದರ ಬುಡದಲ್ಲೇ ಮಕ್ಕಳು ಸಾಲಾಗಿ ಊಟಕ್ಕೆ ಕೂರಬೇಕು, ಬೇರೆ ಜಾಗವಿಲ್ಲ. ಆ ಗೋಡೆ ಮಕ್ಕಳ ಕಡೆಗೆ ವಾಲತೊಡಗಿತು. ಟೀಚರ್‌ಗೆ ದಿನಾ ಅನ್ನ ಬಡಿಸುವಾಗ ಕಣ್ಣೆಲ್ಲ ಗೋಡೆಯ ಮೇಲೆಯೇ.

ಪಂಚಾಯಿತಿಯ ಇಂಜಿನಿಯರಿಗೆ ಹೇಳಿದರು. ಅವರು ಫೋಟೊ ಕಳಿಸಿ, ನೋಡೋಣ ಎಂದರು. ಗೋಡೆ ವಾಲಿದ್ದು ಕಾಣಬೇಕಾದರೆ ಅದರ ತುದಿಗೆ ಹೋಗಿ ನಿಲ್ಲಬೇಕು, ಅಲ್ಲಿ ಚರಂಡಿ. ಚರಂಡಿಯ ಅಂಚಿನಲ್ಲಿ ಕಾಲೂರಿಕೊಂಡು ಹೇಗೆ ತೆಗೆದರೂ ಫೋಟೊ ಓರೆ. ಅದನ್ನು ನೋಡಿದ ಇಂಜಿನಿಯರು ನಕ್ಕು, ಇದರಲ್ಲಿ ನಿಮ್ಮ ಇಡೀ ಅಂಗನವಾಡಿಯೇ ವಾಲಿದೆಯಲ್ಲ ಟೀಚರ್, ಮೊದಲು ಫೋಟೊ ಸರಿಮಾಡಿ ಕಳಿಸಿ ಎಂದರು.

ಟೀಚರ್ ಗ್ರಂಥಾಲಯದ ಕಂಪ್ಯೂಟರಿನಲ್ಲಿ ನಮ್ಮ ಪ್ರೋಗ್ರಾಮರನ ಟೂಲ್ ತೆಗೆದರು. ಮಕ್ಕಳ ಊಟದ ಹೊತ್ತು ಬೇರೆ ಆಗುತ್ತಿತ್ತು. ತಿರುಗಿಸಿದರು, ಕಳಿಸಿದರು, ಓಡಿದರು. ಇಂಜಿನಿಯರಿಂದ ಉತ್ತರ ಬಂತು. ಗೋಡೆ ಸರಿಯಾಗಿಯೇ ಇದೆ, ಓರೆಯಾದದ್ದು ನಿಮ್ಮ ಮೊಬೈಲು ಎಂದು.

ಟೀಚರ್ ಗಾಬರಿಯಾಗಿ ಕಳಿಸಿದ ಫೋಟೊ ತೆರೆದು ನೋಡುತ್ತಾರೆ, ಗೋಡೆ ನೆಟ್ಟಗೆ ನಿಂತಿದೆ! ಮತ್ತೆ ತಿರುಗಿಸಿದರು. ಮತ್ತೆ ನೆಟ್ಟಗೆ ನಿಂತಿತು. ಎಷ್ಟು ಸಲ ತಿರುಗಿಸಿದರೂ ಅದೇ ಕತೆ. ಕೊನೆಗೆ ರೇಗಿ, ತಂತ್ರಾಂಶಕ್ಕೆ ದೂರು ಬರೆಯುವ ಜಾಗದಲ್ಲಿ ಮೊದಲು ತೆಗೆದದ್ದು, ಟೂಲ್ ತಿರುಗಿಸಿದ್ದು ಎರಡೂ ಫೋಟೊ ಹಾಕಿ, "ನಿಮ್ಮ ಟೂಲ್ ಸುಳ್ಳು ಹೇಳುತ್ತಿದೆ" ಎಂದು ಬರೆದರು.

ಪ್ರೋಗ್ರಾಮರ್ ಅವರ ಫೋಟೊವನ್ನು ತನ್ನ ಕಂಪ್ಯೂಟರಿನಲ್ಲಿ ತಿರುಗಿಸಿ ನೋಡಿದ. ಗೋಡೆ ಟಕ್ಕನೆ ನಿಂತಿತು. "ನನ್ನ ಹತ್ತಿರ ಸರಿಯಾಗಿಯೇ ಕೆಲಸ ಮಾಡುತ್ತಿದೆ. ಗೋಡೆ ನೆಟ್ಟಗಾಗಿದೆ" ಎಂದು ಬರೆದು, ದೂರು ಬಗೆಹರಿಯಿತು ಎಂದು ಗುರುತು ಹಾಕಿ ಎದ್ದ.

ಟೀಚರ್ ಬಿಡಲಿಲ್ಲ. "ಅದೇ ಸ್ವಾಮಿ ನನ್ನ ದೂರು. ಗೋಡೆ ನೆಟ್ಟಗಿಲ್ಲ. ಅದರ ಕೆಳಗೆ ಮಕ್ಕಳು ಊಟಕ್ಕೆ ಕೂರುತ್ತಾರೆ" ಎಂದು ಬರೆದರು.

ಶಶಿರೇಖಾ ಕಿಸಕ್ಕನೆ ನಕ್ಕಳು. ಮೇಷ್ಟ್ರು ನಗಲಿಲ್ಲ. ಅವಳ ನಗು ಅರ್ಧಕ್ಕೇ ನಿಂತಿತು.

ಪ್ರೋಗ್ರಾಮರನಿಗೆ ಮೊದಲು ಮೈಯೆಲ್ಲ ಉರಿಯಿತು. ಊರೆಲ್ಲ ಮೆಚ್ಚಿದ ಟೂಲಿಗೆ ಸುಳ್ಳು ಹೇಳುತ್ತದೆ ಎನ್ನುವುದೆಂದರೇನು? ಆದರೆ ಅವನಲ್ಲಿ ಒಂದು ಒಳ್ಳೆಯ ಗುಣವಿತ್ತು. ಕೋಪಕ್ಕಿಂತ ಕುತೂಹಲ ದೊಡ್ಡದಾಗಿತ್ತು. ಗೋಡೆ ನೆಟ್ಟಗಿದೆ ಎಂದು ಟೂಲ್ ಹೇಳುತ್ತಿದೆ, ಇಲ್ಲ ಎಂದು ಟೀಚರ್ ಹೇಳುತ್ತಿದ್ದಾರೆ. ತಾನು ಆ ಊರನ್ನೇ ಕಂಡವನಲ್ಲ. ಹಾಗಾದರೆ ಯಾರನ್ನು ಕೇಳುವುದು? ಟೂಲ್ ನೆಟ್ಟಗೆ ಮಾಡಿದ ಫೋಟೊವನ್ನೇ ಕೇಳೋಣ ಎಂದು ಕುಳಿತ. ಗೋಡೆಯನ್ನು ಬಿಟ್ಟು ಉಳಿದದ್ದನ್ನೆಲ್ಲ ಒಂದೊಂದಾಗಿ ನೋಡತೊಡಗಿದ.

ಅಂಗಳದಲ್ಲಿ ಗೋಡೆಯ ಪಕ್ಕಕ್ಕೇ ಒಂದು ಕಟ್ಟೆ ಇತ್ತು. ಅದರ ಮೇಲೆ ಮಕ್ಕಳ ನೀರಿನ ಬಾಟಲಿಗಳ ಸಾಲು. ತೆಳು ಪ್ಲಾಸ್ಟಿಕ್ಕಿನವು, ಕುಡಿದು ಅರ್ಧ ಉಳಿದವು. ದೊಡ್ಡದು ಮಾಡಿ ನೋಡಿದ. ಒಂದು ಬಾಟಲಿಯಲ್ಲಿ ನೀರು ಓರೆಯಾಗಿ ನಿಂತಿತ್ತು. ಪಕ್ಕದ್ದರಲ್ಲೂ ಓರೆ. ಸಾಲಿಗೆ ಸಾಲೇ ಒಂದೇ ಕಡೆಗೆ ಓರೆ.

ಕಟ್ಟೆ ಓರೆ ಇರಬಹುದು ಅಂದುಕೊಂಡ. ಬಾಟಲಿ ವಾಲಿರಬಹುದು ಅಂದುಕೊಂಡ. ಆಮೇಲೆ ತನ್ನ ಮೇಜಿನ ಮೇಲಿದ್ದ ನೀರಿನ ಬಾಟಲಿಯನ್ನು ಎತ್ತಿ ಈ ಕಡೆ ವಾಲಿಸಿದ, ಆ ಕಡೆ ವಾಲಿಸಿದ. ಬಾಟಲಿ ವಾಲಿತು. ನೀರು ಮಾತ್ರ ಮಟ್ಟಸವಾಗಿಯೇ ಇತ್ತು. ಇದು ಚಿಕ್ಕ ಮಕ್ಕಳಿಗೂ ಗೊತ್ತಿರುವ ವಿಷಯ, ಆದರೆ ಅವನು ಅದನ್ನು ಆಗ ತಾನೇ ಕಂಡವನಂತೆ ನೋಡುತ್ತ ಕುಳಿತ. ಮತ್ತೆ ಪರದೆ ನೋಡಿದ.

ನೀರು ಮಟ್ಟಸವಾಗುವವರೆಗೆ ಫೋಟೊ ತಿರುಗಿಸೋಣ ಎಂದು ಮೌಸ್ ಹಿಡಿದ. ಆಗಲಿಲ್ಲ. ಅವನು ಈ ಕಡೆ ತಿರುಗಿಸಿದರೆ ಟೂಲ್ ಆ ಕಡೆ ಎಳೆಯಿತು. ಹೆತ್ತು ಸಾಕಿದ ಟೂಲ್, ಅವನ ಕೈಯ ಮಾತನ್ನೇ ಕೇಳಲಿಲ್ಲ! ಟೀಚರ್ ಎಷ್ಟು ಪಾಡುಪಟ್ಟಿರಬೇಕು ಎಂದು ಆಗ ಅವನಿಗೆ ಗೊತ್ತಾಯಿತು. ನಾಚಿಕೆಯಾಯಿತು.

ಕೂತಲ್ಲೇ ಟೂಲನ್ನು ಬಿಚ್ಚಿದ. ಯಾವ ಕೋಡಿನ ಸಾಲುಗಳ ಬಗ್ಗೆ ಹೆಮ್ಮೆಪಟ್ಟಿದ್ದನೋ ಅವನ್ನೇ ತಿದ್ದಿದ. ಎಳೆತ ಬೇಕು ಎನ್ನುವವರು ಒಂದು ಕೀ ಒತ್ತಿ ಹಿಡಿದರೆ ಮಾತ್ರ ಟೂಲ್ ಎಳೆಯಲಿ, ಇಲ್ಲದಿದ್ದರೆ ಕೈ ಬಿಟ್ಟ ಕಡೆಯೇ ಫೋಟೊ ನಿಲ್ಲಲಿ ಎಂದು ಮಾಡಿದ. ಆಮೇಲೆ ನಿಧಾನವಾಗಿ ತಿರುಗಿಸಿದ. ಬಾಟಲಿಗಳ ನೀರು ಮಟ್ಟಸವಾಯಿತು. ಗೋಡೆ ಕಟ್ಟೆಯ ಕಡೆಗೆ ವಾಲಿಕೊಂಡು ನಿಂತಿತು.

ಆ ಫೋಟೊ ಟೀಚರಿಗೆ ಹೋಯಿತು, ಟೀಚರಿಂದ ಇಂಜಿನಿಯರಿಗೆ ಹೋಯಿತು. ನೀರಿನ ಬಾಟಲಿ ನೋಡಿ ಎಂದು ಟೀಚರ್ ಒಂದು ಮಾತು ಸೇರಿಸಿದ್ದರು. ಇಂಜಿನಿಯರು ಈ ಸಲ ನಗಲಿಲ್ಲ, ಖುದ್ದಾಗಿ ಬಂದರು. ಮಕ್ಕಳ ಊಟ ಅಂದೇ ಪಂಚಾಯಿತಿ ಜಗುಲಿಗೆ ಹೋಯಿತು. ಗೋಡೆ ಕೆಡವಲು ಆಳುಗಳು ಬಂದರು. ಅವರು ಹಾರೆ ಎತ್ತುವ ಮೊದಲೇ ಒಂದು ಮೂಲೆ ಕಳಚಿ, ಬಾಟಲಿ ಇಡುತ್ತಿದ್ದ ಕಟ್ಟೆಯ ಮೇಲೆ ಬಿತ್ತು.

ಮೇಷ್ಟ್ರು ಕತೆ ನಿಲ್ಲಿಸಿದರು.

"ಅಬ್ಬಾ! ಸದ್ಯ ಆ ಗೋಡೆ ಕೆಡವಿದರಲ್ಲ ಮೇಷ್ಟ್ರೇ."

ಮೇಷ್ಟ್ರು ಮೌಸನ್ನು ಮೆಲ್ಲಗೆ ಅವಳ ಕಡೆಗೆ ಸರಿಸಿದರು.

"ಕೆಡವಿದರಮ್ಮ. ನಿನ್ನ ಟೂಲಿನಲ್ಲಿ ಮಾತ್ರ ಅದು ಇನ್ನೂ ನೆಟ್ಟಗೆ ನಿಂತಿದೆ."