ಹಾಡಿಗೆ ಕಟ್ಟಿದ ಚಟ್ಟ

ಮಕ್ಕಳೇ, ಹತ್ತಿರ ಬನ್ನಿ. ಈ ಕಥೆಯ ಒಂದೊಂದು ಮಾತೂ ನಿಜ. ಸುಳ್ಳಾಗಿದ್ದರೆ ನಿಮ್ಮ ಈ ಮಾವನ ಮೀಸೆ ಇಲ್ಲೇ ಉದುರಿ ಬೀಳಲಿ. ಅರ್ಧ ಆಗಲೇ ಉದುರಿದೆಯಲ್ಲ ಅಂತ ಕೇಳಬೇಡಿ, ಅದು ಬೇರೆ ಕಥೆಯಲ್ಲಿ ಉದುರಿದ್ದು. ಇದಕ್ಕೆ ನಾನೇ ಸಾಕ್ಷಿ. ಅಂದಿನ ದೊರೆ ನನ್ನನ್ನು ಮಂತ್ರಿಯಾಗು ಎಂದು ಬೇಡಿಕೊಂಡಿದ್ದ. ಪೇಟ ಬಿಗಿಯಾಯಿತು, ಒಲ್ಲೆ ಎಂದೆ.

ಮೂಡಲದುರ್ಗ ಎಂಬ ಸೀಮೆಯಲ್ಲಿ ಕಂಚವ್ವ ಎಂಬ ಹಾಡುಗಾತಿ ಇದ್ದಳು. ಅರಮನೆಯವಳಲ್ಲ, ಯಾವ ಮೇಳದವಳೂ ಅಲ್ಲ. ಮಾತು ಅವಳದೇ, ಮಟ್ಟು ಅವಳದೇ, ಸೋರೆಬುರುಡೆಗೆ ತಂತಿ ಬಿಗಿದು ಮಾಡಿಕೊಂಡ ಏಕತಾರಿಯೂ ಅವಳದೇ. ಊರಬಾಗಿಲಲ್ಲಿ ಉಪ್ಪಿನ ಗಾಡಿಗಳು ನಿಲ್ಲುವ ಕಡೆ ಕೂತು ಹಾಡುತ್ತಿದ್ದಳು. ಗಾಡಿಯವರು ಕೈಲಾದಷ್ಟು ಕೊಡುತ್ತಿದ್ದರು. ಕೊಡದವರೂ ಕೂತು ಕೇಳುತ್ತಿದ್ದರು.

ಅವಳಿಗೊಬ್ಬಳು ತಂಗಿಯಿದ್ದಳು, ಮುತ್ತವ್ವ. ಒಂಬತ್ತು ತುಂಬುವಷ್ಟರಲ್ಲಿ ಜ್ವರ ಬಂದು ಹೋಗಿಬಿಟ್ಟಳು. ಕಂಚವ್ವನ ಹಾಡುಗಳಲ್ಲಿ ಒಂದು ತಂಗಿಯದು. ‘ಕುಂಟೆಬಿಲ್ಲೆ ಆಡೋಣ ಬಾರೆ ಮುತ್ತವ್ವಾ, ನನ್ನ ಸರದಿ ನಿನಗೇ’ ಎಂದು ಅದು ಶುರುವಾಗುತ್ತಿತ್ತು. ಮೊದಲ ನುಡಿಗೆ ಕೇಳಿದವರ ಕಾಲು ಕುಣಿಯುತ್ತಿತ್ತು. ಎರಡನೇ ನುಡಿಯಲ್ಲಿ ಜ್ವರ ಬರುತ್ತಿತ್ತು, ಕಾಲು ನಿಲ್ಲುತ್ತಿತ್ತು. ಮೂರನೇ ನುಡಿಯಲ್ಲಿ, ಅಂಗಳದಲ್ಲಿ ಗೀಚಿದ್ದ ಕುಂಟೆಬಿಲ್ಲೆಯ ಮನೆಗಳನ್ನು ಮಳೆ ಅಳಿಸುತ್ತಿತ್ತು. ಅಕ್ಕ ಮಾತ್ರ ಆ ಜಾಗ ತುಳಿಯದೆ ಸುತ್ತಿ ನಡೆಯುತ್ತಿದ್ದಳು. ಅಷ್ಟು ಹೊತ್ತಿಗೆ ಗಾಡಿಯ ಎತ್ತುಗಳೂ ಮೆಲುಕು ನಿಲ್ಲಿಸಿರುತ್ತಿದ್ದವು. ಒಂದು ಎತ್ತಿನ ಕಣ್ಣೊರೆಸಿದವನು ನಾನೇ. ನನ್ನ ಪಂಚೆಯ ತುದಿ ಇನ್ನೂ ಉಪ್ಪುಪ್ಪು.

ಕಂಚವ್ವನಿಗೆ ಇದ್ದದ್ದು ಒಂದೇ ಆಸೆ. ತಂಗಿಯ ಹೆಸರು ಊರಬಾಗಿಲಲ್ಲೇ ನಿಲ್ಲಬಾರದು. ತಾನು ಕಾಣದ ಮನೆಗಳಲ್ಲೂ ಯಾರಾದರೂ ‘ಮುತ್ತವ್ವಾ’ ಎಂದು ಕರೆಯಬೇಕು.

ಆ ಊರಲ್ಲಿ ಬಂಡೆಪ್ಪ ಸಾವ್ಕಾರ ಹಾಡಿನ ಮಂಡಿ ಇಟ್ಟಿದ್ದ. ಹಾಡನ್ನು ಮಾರುವುದು ಹೇಗೆ ಅಂತೀರೋ? ಗೊರವಂಕಗಳಿಗೆ ಕಲಿಸಿ. ಅದೇ, ಮೈನಾ ಹಕ್ಕಿ. ಕಲಿತ ಹಕ್ಕಿಯನ್ನು ಪಂಜರದ ಸಮೇತ ಮನೆಮನೆಗೆ ಮಾರುತ್ತಿದ್ದ. ಜನಕ್ಕೂ ಸುಖ. ಬೇಕಾದಾಗ ಕಾಳು ಹಾಕಿದರೆ ಹಾಡು, ಸಾಕಾದಾಗ ಬಟ್ಟೆ ಮುಚ್ಚಿದರೆ ಮೌನ.

ಬಂಡೆಪ್ಪ ಒಂದು ದಿನ ಊರಬಾಗಿಲಿಗೆ ಬಂದ. ಹಾಡು ಕೇಳಿದ. ಇದನ್ನು ನಾನ್ನೂರು ಮನೆಗೆ ಮುಟ್ಟಿಸುತ್ತೇನೆ, ಆದರೆ ಕೊಟ್ಟ ಮೇಲೆ ಹಾಡು ಮಂಡಿಯದು ಎಂದ. ಕಂಚವ್ವನಿಗೆ ಎರಡನೇ ಮಾತು ಕೇಳಿಸಲೇ ಇಲ್ಲ. ನಾನ್ನೂರು ಮನೆಯಲ್ಲಿ ಮುತ್ತವ್ವ ಎಂದುಕೊಳ್ಳುತ್ತಾ ಕರಾರಿನ ಓಲೆಗೆ ಹೆಬ್ಬೆಟ್ಟು ಒತ್ತಿದಳು.

ಒಂದು ವಾರಕ್ಕೆ ಬಂಡೆಪ್ಪ ಬಂದ. ಹಕ್ಕಿಯ ಕೊಕ್ಕಿನಲ್ಲಿ ಮೂರು ನುಡಿ ನಿಲ್ಲುವುದಿಲ್ಲ, ಕೊನೆಯದನ್ನು ಬಿಡೋಣ ಎಂದ. ಅಂಗಳ ಹೋಯಿತು, ಮಳೆ ಹೋಯಿತು. ಹೆಸರಿದೆಯಲ್ಲ ಎಂದುಕೊಂಡಳು ಕಂಚವ್ವ.

ಎರಡು ವಾರಕ್ಕೆ ಮತ್ತೆ ಬಂದ. ಜ್ವರದ ನುಡಿ ಬಂದ ಕೂಡಲೇ ಜನ ಪಂಜರಕ್ಕೆ ಬಟ್ಟೆ ಮುಚ್ಚುತ್ತಾರೆ, ಅದನ್ನೂ ಬಿಡೋಣ ಎಂದ. ಜ್ವರವೂ ಹೋಯಿತು. ಹೆಸರಿದೆಯಲ್ಲ ಎಂದುಕೊಂಡಳು.

ಮೂರನೇ ವಾರ ಬಂಡೆಪ್ಪ ಬರಲೇ ಇಲ್ಲ. ಕಂಚವ್ವ ತಾನೇ ಕೇಳಿ ಬರೋಣವೆಂದು ಪೇಟೆ ಬೀದಿಗೆ ಹೋದಳು. ಒಂದು ಕಿಟಕಿಯಲ್ಲಿ ಹಕ್ಕಿ ಹಾಡುತ್ತಿತ್ತು: ‘ಕುಂಟೆಬಿಲ್ಲೆ ಆಡೋಣ ಬಾರೆ ಚೆಲುವೇ.’ ಪಕ್ಕದ ಕಿಟಕಿಯಲ್ಲೂ ಚೆಲುವೇ. ಅದರಾಚೆಯದರಲ್ಲೂ ಚೆಲುವೇ.

ನೇರ ಮಂಡಿಗೆ ನಡೆದಳು.

“ನನ್ನ ತಂಗಿ ಎಲ್ಲಿ, ಸಾವ್ಕಾರ್ರೇ?”

“ಕೂತ್ಕೊಳವ್ವಾ, ಮಜ್ಜಿಗೆ ಕುಡಿ. ಮುತ್ತವ್ವ ಅಂದ್ರೆ ನಿನಗೊಬ್ಬಳಿಗೇ ತಂಗಿ. ಚೆಲುವೆ ಅಂದ್ರೆ ಮನೆಗೊಬ್ಬಳು ಇರ್ತಾಳೆ. ನಿನ್ನ ಹಾಡನ್ನ ದೊಡ್ಡದು ಮಾಡಿದ್ದೀನಿ.”

“ಒಂದೇ ಸಾಲಿಗೆ ಇಳಿಸಿ ದೊಡ್ಡದು ಮಾಡಿದಿರಾ?”

“ನಾನ್ನೂರು ಮನೆ ಕಣವ್ವಾ. ನಿನ್ನ ಊರಬಾಗಿಲಲ್ಲಿ ಎಷ್ಟು ಜನ ಕೇಳ್ತಿದ್ರು, ಎತ್ತುಗಳನ್ನ ಬಿಟ್ಟು?”

ಕಂಚವ್ವ ಮಜ್ಜಿಗೆ ಮುಟ್ಟದೆ ಎದ್ದು ಬಂದಳು. ಮರುದಿನ ಊರಬಾಗಿಲಲ್ಲಿ ಕೂತು ಮೂರೂ ನುಡಿ ಹಾಡತೊಡಗಿದಳು. ಮಂಡಿಯ ಆಳುಗಳು ಬಂದು ಹೆಬ್ಬೆಟ್ಟಿನ ಓಲೆ ತೋರಿಸಿ ಹಾಡು ನಿಲ್ಲಿಸಿದರು. ಎರಡನೇ ದಿನ ಮಾತು ಬಿಟ್ಟು ಬರೀ ಗುನುಗಿದಳು. ಗುನುಗನ್ನೂ ನಿಲ್ಲಿಸಿದರು. ಮೂರನೇ ದಿನ ಬಾಯಿ ಮುಚ್ಚಿ ತಂತಿ ಮೀಟಿದಳು. ತಂತಿಯನ್ನೇ ಕತ್ತರಿಸಿ ಹೋದರು.

ನಾಲ್ಕನೇ ದಿನ ಬೆಳಿಗ್ಗೆ ಕಂಚವ್ವ ಬಿದಿರು ಕಡಿದು ತಂದು ಚಟ್ಟ ಕಟ್ಟಿದಳು. ಬೋಳು ಏಕತಾರಿಯನ್ನು ಅದರ ಮೇಲೆ ಮಲಗಿಸಿದಳು, ಬಿಳಿ ಬಟ್ಟೆ ಹೊದಿಸಿದಳು. ಗಾಡಿಯವರು ಹೆಗಲು ಕೊಟ್ಟರು. ಪೇಟೆ ಬೀದಿಯ ನಡುವೆ ಮಂಡಕ್ಕಿ ಎರಚುತ್ತಾ, ತಂಗಿಯ ಹಾಡು ಹೇಳಿ ಅಳುತ್ತಾ ನಡೆದಳು. ಆ ಸೀಮೆಯಲ್ಲೊಂದು ಕಟ್ಟಳೆಯಿತ್ತು: ಚಟ್ಟವನ್ನು ಯಾರೂ ತಡೆಯಬಾರದು, ಚಟ್ಟದ ಮುಂದೆ ಅಳುವವರ ಬಾಯಿ ಮುಚ್ಚಿಸಬಾರದು. ಆಳುಗಳು ಓಲೆ ಹಿಡಿದು ಬಂದವರು ಹಾಗೇ ಹಿಂದೆ ಸರಿದರು. ಬಂಡೆಪ್ಪ ಅರಮನೆಗೆ ಓಡಿದ.

ದೊರೆ ಎಲ್ಲರನ್ನೂ ಕರೆಸಿದ. ಸತ್ತದ್ದು ಯಾರು ಎಂದು ಕೇಳಿದ.

“ನನ್ನ ಹಾಡು, ಬುದ್ಧೀ,” ಎಂದಳು ಕಂಚವ್ವ.

ಅಪ್ಪಟ ಸುಳ್ಳು, ನಾನ್ನೂರು ಮನೆಯಲ್ಲಿ ದಿನಾ ಹಾಡುತ್ತಿದೆ ಎಂದ ಬಂಡೆಪ್ಪ. ಹಾಗಾದರೆ ಹಾಡಿಸು ಎಂದ ದೊರೆ. ಪಂಜರ ಬಂತು, ಕಾಳು ಬಿತ್ತು. ‘ಕುಂಟೆಬಿಲ್ಲೆ ಆಡೋಣ ಬಾರೆ ಚೆಲುವೇ’ ಎಂದಿತು ಹಕ್ಕಿ.

‘ಆಮೇಲೆ?’ ಎಂದ ದೊರೆ. ಹಕ್ಕಿ ಅದನ್ನೇ ಹೇಳಿತು. ಆಮೇಲೇನಾಯಿತು ಎಂದ. ಮತ್ತೆ ಅದನ್ನೇ ಹೇಳಿತು. ಆ ಹುಡುಗಿ ಏನಾದಳು ಎಂದ. ಹಕ್ಕಿ ಕತ್ತು ವಾರೆ ಮಾಡಿ ದೊರೆಯ ಮುಖ ನೋಡಿ, “ಇಷ್ಟೇ ಕಲಿಸಿದ್ದು ಸ್ವಾಮಿ,” ಎಂದಿತು.

ದೊರೆ ಬಂಡೆಪ್ಪನ ಕಡೆ ತಿರುಗಿದ. “ಇದು ಇವಳ ಹಾಡೇ ಆದರೆ, ಇದು ಅದರ ಹೆಣ. ಹೆಣದ ಮುಂದೆ ಅಳುವವರನ್ನು ನೀನು ತಡೆಯುವ ಹಾಗಿಲ್ಲ. ಬೇರೆ ಹಾಡಾದರೆ, ಇವಳದು ನಿನ್ನ ಮಂಡಿಯಲ್ಲಿಲ್ಲ. ಇಲ್ಲದ್ದನ್ನೂ ನೀನು ತಡೆಯುವ ಹಾಗಿಲ್ಲ. ಯಾವುದು, ಹೇಳು.”

ಬಂಡೆಪ್ಪ ಯೋಚಿಸಿದ. ಹೆಣ ಎಂದರೆ ಯಾರು ಮನೆಯಲ್ಲಿಟ್ಟುಕೊಳ್ಳುತ್ತಾರೆ? ಬೇರೆ ಹಾಡು ಬುದ್ಧೀ ಎಂದುಬಿಟ್ಟ.

ಅಲ್ಲೇ ನಿಂತಿದ್ದ ಜನ ಕೇಳಿಸಿಕೊಂಡರು. ಕಂಚವ್ವನ ಹಾಡು, ಕಂಚವ್ವನ ಹಾಡು ಅಂತ ಬೀದಿಬೀದಿ ಕೂಗಿ ಮಾರಿದೆಯಲ್ಲೋ ಎಂದು ಬೈಯುತ್ತಾ ಮಂಡಿಯ ಬಾಗಿಲಲ್ಲಿ ಪಂಜರಗಳನ್ನು ತಂದು ಸುರಿದರು. ನಾನ್ನೂರು ಹಕ್ಕಿಗಳು ಒಂದೇ ಕಡೆ ಸೇರಿ ಚೆಲುವೇ ಚೆಲುವೇ ಎಂದು ಅರಚತೊಡಗಿದವು. ಬಂಡೆಪ್ಪ ಕಿವಿಗೆ ಹತ್ತಿ ತುರುಕಿಕೊಂಡು ಊರು ಬಿಟ್ಟ. ಆ ಹತ್ತಿ ಕೊಟ್ಟವನೂ ನಾನೇ, ಹೋಗಲಿ ಪಾಪ ಅಂತ.

ಕಂಚವ್ವ ಹೊಸ ತಂತಿ ಬಿಗಿದು ಊರಬಾಗಿಲಿಗೆ ಬಂದಳು. ಹಿಂದೆಂದೂ ಸೇರದಷ್ಟು ಜನ ಸೇರಿದ್ದರು. ‘ಕುಂಟೆಬಿಲ್ಲೆ ಆಡೋಣ ಬಾರೆ’ ಎಂದು ಎತ್ತಿಕೊಂಡಳು. ಜನವೆಲ್ಲ ‘ಚೆಲುವೇ’ ಎಂದರು. ಕುಚೇಷ್ಟೆಯಲ್ಲ, ನಾಲಿಗೆಗೆ ಹಾಗೇ ರೂಢಿಯಾಗಿತ್ತು. ಅವಳು ನಿಲ್ಲಿಸಿ ಮತ್ತೆ ಶುರು ಮಾಡಿದಳು. ಮತ್ತೆ ‘ಚೆಲುವೇ’ ಎಂದರು. ಮೂರನೇ ಸಲ ಎಲ್ಲರೂ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಕಾದರು. ಆಗ ಕಂಚವ್ವನ ನಾಲಿಗೆಯೇ ‘ಚೆಲುವೇ’ ಎಂದಿತು.

ಯಾರೂ ನಗಲಿಲ್ಲ. ಅವಳು ಏಕತಾರಿ ಕೆಳಗಿಟ್ಟಳು. ರಾಗವಿಲ್ಲದೆ, ಬರೀ ಮಾತಿನಲ್ಲಿ, “ಮುತ್ತವ್ವ,” ಎಂದಳು. ಅಲ್ಲಿಂದ ಮುಂದಕ್ಕೆ ಜ್ವರದ ನುಡಿ ಹಾಡಿದಳು, ಮಳೆಯ ನುಡಿ ಹಾಡಿದಳು. ಮುಗಿಯುವ ಹೊತ್ತಿಗೆ ಉಳಿದಿದ್ದವರು ಕೆಲವರೇ. ಆಮೇಲೆ ಆ ಹಾಡನ್ನು ಅವಳು ಹೇಳುತ್ತಿದ್ದದ್ದು ಯಾರದಾದರೂ ಚಟ್ಟದ ಮುಂದೆ ಮಾತ್ರ. ಅಲ್ಲಿ ಯಾರೂ ದನಿಗೂಡಿಸುವುದಿಲ್ಲವಲ್ಲ. ಹಾಡಿ ಮುಗಿಸಿ, ಚೂರೇ ಚೂರು ನಕ್ಕು, ಮನೆಗೆ ಹೋಗುತ್ತಿದ್ದಳು.

ಇದರ ನೀತಿ ಇಷ್ಟೇ, ಮಕ್ಕಳೇ. ಕಟ್ಟಿದ್ದನ್ನು ಮಾರಬಾರದು ಅಂತಲ್ಲ, ಹೊಟ್ಟೆ ಎಲ್ಲರಿಗೂ ಇದೆ. ಆದರೆ ಯಾವುದನ್ನು ಕತ್ತರಿಸಬಾರದು ಎಂಬುದನ್ನು ಹೆಬ್ಬೆಟ್ಟು ಒತ್ತುವ ಮೊದಲೇ ಹೇಳಬೇಕು. ಮೋಸ ಮಾಡಿದವನಿಗೆ ಶಾಸ್ತಿ ಆಗುತ್ತದೆ. ಕತ್ತರಿಸಿದ್ದು ಮಾತ್ರ ಹಾಗೆಲ್ಲ ಕೂಡುವುದಿಲ್ಲ.

ಎಲ್ಲವೂ ನಿಜ ಎಂದು ಆಣೆ ಇಟ್ಟೆನಲ್ಲ, ಒಂದು ಸಣ್ಣ ವಿಷಯ ಬಿಟ್ಟು. ಕೊನೆಗೆ ಅವಳು ಚೂರು ನಕ್ಕಳು ಅಂದೆನಲ್ಲ, ಅದು ಮಾತ್ರ ನಾನು ಸೇರಿಸಿದ್ದು. ನಿಮ್ಮ ಸಪ್ಪೆ ಮುಖ ನೋಡಲಾಗದೆ.